ಮನೆಯಲ್ಲಿ ಕಟ್ಟಿದ ಬೇಸ್ ಗಿಟಾರ್: ದೋಷ ಹುಡುಕುವ ಬಗೆ

ದಸರೆಯ ಮಳೆಯಲ್ಲಿ ಬಾಡಿ ಕತ್ತರಿಸಿ, ಸಂಕ್ರಾಂತಿಗೆ ತಂತಿ ಕಟ್ಟಿ, ಯುಗಾದಿಯ ಹೊತ್ತಿಗೆ ನುಡಿಸಲಾಗದಂತೆ ಕೆಟ್ಟುಹೋದ ಒಂದು ಬೇಸ್ ಗಿಟಾರಿನಿಂದ ಈ ಕೈಪಿಡಿ ಹುಟ್ಟಿತು. ಅದನ್ನು ಕಟ್ಟಿದವನು ನಾನೇ. ಮೈಸೂರಿನ ಒಂದು ಸಾಮಿಲ್ಲಿನಿಂದ ತಂದ ಹಲಸಿನ ಹಲಗೆ, ಯಾರೋ ಬಿಚ್ಚಿ ಮಾರಿದ ಹಳೆಯ ನೆಕ್ (ಬೆರಳಾಡಿಸುವ ಉದ್ದನೆಯ ಕತ್ತು), ಅಗ್ಗದ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸುರುಳಿ) ಮತ್ತು ಬ್ರಿಜ್ (ಬಾಡಿಯ ಮೇಲೆ ತಂತಿಗಳನ್ನು ಹಿಡಿದಿಡುವ ಲೋಹದ ಭಾಗ) ಇವೆಲ್ಲ ಸೇರಿ ಖರ್ಚು 14,000 ರೂಪಾಯಿಯೊಳಗೆ ಮುಗಿದಿತ್ತು. ವೀಣೆಗೂ ಮೃದಂಗಕ್ಕೂ ಒದಗಿ ಬರುವ ಹಲಸು ಬೇಸ್ ಗಿಟಾರಿಗೆ ಒಲ್ಲೆ ಎನ್ನಲಾರದು ಎಂಬ ನನ್ನ ಲೆಕ್ಕ ತಪ್ಪಿರಲಿಲ್ಲ. ತಪ್ಪಿದ್ದು ಬೇರೆ ಕಡೆ. ವಾದ್ಯ ಕೆಟ್ಟಾಗ ನಾನು ಮೊದಲು ದೂರಿದ್ದು ಅಗ್ಗದ ಬಿಡಿಭಾಗಗಳನ್ನು. ಆದರೆ ಕೊನೆಗೆ ಲೆಕ್ಕ ಹಾಕಿ ನೋಡಿದರೆ, ಎದುರಾದ ಆರೇಳು ದೋಷಗಳಲ್ಲಿ ಬಿಡಿಭಾಗದ ತಪ್ಪು ಒಂದೂ ಇರಲಿಲ್ಲ. ಎಲ್ಲವೂ ಒಂದೋ ಮರದ ತೇವದಿಂದ ಬಂದವು, ಇಲ್ಲವೇ ಅಳೆಯದೆ ಕೈಹಾಕಿದ ನನ್ನ ಆತುರದಿಂದ ಬಂದವು.

ಆದ್ದರಿಂದ ಕೆಲಸ ಶುರುಮಾಡುವ ಮುನ್ನ ಒಂದು ಉಕ್ಕಿನ ಸ್ಕೇಲು, ಸ್ಪಾರ್ಕ್ ಪ್ಲಗ್ಗಿನ ಸಂದಿ ಅಳೆಯಲು ಗ್ಯಾರೇಜಿನವರು ಬಳಸುವ ಫೀಲರ್ ಗೇಜು (ಬೇರೆ ಬೇರೆ ದಪ್ಪದ ತೆಳು ಉಕ್ಕಿನ ಎಲೆಗಳ ಗೊಂಚಲು), ಒಂದು ಸಾಧಾರಣ ಮಲ್ಟಿಮೀಟರ್, ಮೊಬೈಲಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಮತ್ತು ಒಂದು ನೋಟ್‌ಬುಕ್ ಇಟ್ಟುಕೊಳ್ಳಬೇಕು. ನೋಟ್‌ಬುಕ್ಕನ್ನು ಬೇಡವೆಂದು ಬಿಡುವವರೇ ಹೆಚ್ಚು. ಯಾವ ತಿರುಪನ್ನು ಎಷ್ಟು ಸುತ್ತು, ಯಾವ ದಿನ ತಿರುಗಿಸಿದೆ ಎಂಬುದನ್ನು ಬರೆದಿಡದಿದ್ದರೆ ಮೂರನೆಯ ದಿನಕ್ಕೆ ಮೂಲ ದೋಷ ಯಾವುದು, ನಾವೇ ಸೇರಿಸಿದ ದೋಷ ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ. ನನಗೆ ಆದದ್ದು ಅದೇ.

ತಂತಿ ಎತ್ತರವಾಯಿತು, ಜೊತೆಗೆ ಕರಕರ ಸದ್ದು

ಈ ದೋಷವನ್ನೇ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಮಿಕ್ಕ ದೋಷಗಳನ್ನು ಹುಡುಕುವ ಕ್ರಮವೂ ಇದರಲ್ಲಿಯೇ ಅಡಗಿದೆ. ಸಂಕ್ರಾಂತಿಯಲ್ಲಿ, ನೆಕ್ಕಿನ ಮೇಲಿನ ಅಡ್ಡ ಲೋಹಪಟ್ಟಿಗಳಾದ ಫ್ರೆಟ್ಟುಗಳಲ್ಲಿ ಹನ್ನೆರಡನೆಯದರ ಮೇಲೆ ದಪ್ಪ ಇ ತಂತಿಯ ಎತ್ತರ 2.4 ಮಿ.ಮೀ. ಇತ್ತು, ತೆಳು ಜಿ ತಂತಿಯದು 2 ಮಿ.ಮೀ.; ಇವು ಸಾಮಾನ್ಯವಾಗಿ ಎಲ್ಲರೂ ಒಪ್ಪುವ ಅಳತೆಗಳು. ಮಾರ್ಚ್ ತಿಂಗಳ ಬಿಸಿಲು ಏರುತ್ತಿದ್ದಂತೆ ಇ ತಂತಿ 3 ಮಿ.ಮೀ.ಗೆ ಏರಿತು, ಬೆರಳು ನೋಯತೊಡಗಿತು. ನಾಲ್ಕು ತಂತಿಗಳ ಒಟ್ಟು ಎಳೆತ ಸುಮಾರು 75 ಕಿಲೋ ತೂಕಕ್ಕೆ ಸಮ. ಅಷ್ಟು ಎಳೆತಕ್ಕೆ ನೆಕ್ ಮುಂದಕ್ಕೆ ಬಾಗಿರಬೇಕು ಎಂದು ತೀರ್ಮಾನಿಸಿ, ಏನನ್ನೂ ಅಳೆಯದೆ, ನೆಕ್ಕಿನೊಳಗೆ ಬಾಗು ಸರಿಪಡಿಸಲು ಇರುವ ಲೋಹದ ಸಲಾಕೆಯಾದ ಟ್ರಸ್ ರಾಡನ್ನು ಅರ್ಧ ಸುತ್ತು ಬಿಗಿ ಮಾಡಿದೆ. ತಂತಿ ಕೂದಲೆಳೆಯಷ್ಟು ಇಳಿಯಿತು, ನಿಜ. ಆದರೆ ಅಲ್ಲಿಯವರೆಗೆ ಶುದ್ಧವಾಗಿ ನುಡಿಯುತ್ತಿದ್ದ ಮೊದಲ ನಾಲ್ಕು ಫ್ರೆಟ್ಟುಗಳಲ್ಲಿ, ತಗಡಿನ ಮೇಲೆ ಜೀರುಂಡೆ ಕೂತಂತೆ ಕರಕರ ಎನ್ನತೊಡಗಿತು. ಮೇಲೆ ತಂತಿ ಎತ್ತರ, ಕೆಳಗೆ ಕರಕರ: ಎರಡು ವಿರುದ್ಧ ಲಕ್ಷಣಗಳು ಒಂದೇ ನೆಕ್ಕಿನಲ್ಲಿ ಕಂಡವು.

ಇಂಥ ಗೊಂದಲದಲ್ಲಿ ಮೊದಲು ಮಾಡಬೇಕಾದದ್ದು ನೆಕ್ಕಿನ ಬಾಗು ಎಷ್ಟು, ನೆಕ್ಕಿನ ಕೋನ ಎಷ್ಟು ಎಂದು ಬೇರೆ ಬೇರೆಯಾಗಿ ನೋಡುವುದು. ವಾದ್ಯವನ್ನು ಪೂರ್ತಿ ಶ್ರುತಿ ಮಾಡಿ, ನುಡಿಸುವ ಭಂಗಿಯಲ್ಲೇ ಹಿಡಿದು, ಇ ತಂತಿಯನ್ನು ಮೊದಲನೆಯ ಫ್ರೆಟ್ಟಿನಲ್ಲಿಯೂ ನೆಕ್ ಬಾಡಿಗೆ ಸೇರುವ ಜಾಗದ ಫ್ರೆಟ್ಟಿನಲ್ಲಿಯೂ ಏಕಕಾಲಕ್ಕೆ ಒತ್ತಬೇಕು. ಆಗ ತಂತಿಯೇ ನೇರ ಅಳತೆಪಟ್ಟಿಯಾಗುತ್ತದೆ. ಏಳನೆಯ ಅಥವಾ ಎಂಟನೆಯ ಫ್ರೆಟ್ಟಿನ ನೆತ್ತಿಗೂ ತಂತಿಯ ಅಡಿಗೂ ನಡುವಿನ ಸಂದಿಯಲ್ಲಿ ಫೀಲರ್ ಗೇಜಿನ 0.25ರಿಂದ 0.40 ಮಿ.ಮೀ. ಎಲೆ ಸರಾಗವಾಗಿ ಹೋದರೆ ಬಾಗು ಸರಿಯಾಗಿದೆ ಎಂದರ್ಥ. ಸಂದಿ ಅದಕ್ಕಿಂತ ಹೆಚ್ಚಿದ್ದರೆ ಟ್ರಸ್ ರಾಡ್ ಬಿಗಿ ಮಾಡಬೇಕು. ಸಂದಿಯೇ ಇಲ್ಲದಿದ್ದರೆ ಸಡಿಲಿಸಬೇಕು. ತಿರುಗಿಸುವುದು ಒಮ್ಮೆಗೆ ಕಾಲು ಸುತ್ತು ಮಾತ್ರ, ನಂತರ ಮತ್ತೆ ಶ್ರುತಿ ಮಾಡಿ, ಸಾಧ್ಯವಾದರೆ ಒಂದು ರಾತ್ರಿ ಬಿಟ್ಟು ನೋಡಬೇಕು. ನನ್ನ ನೆಕ್ಕಿನಲ್ಲಿ ತೀರ ತೆಳುವಾದ ಎಲೆಯೂ ತೂರಲಿಲ್ಲ. ಅಂದರೆ ನೆಕ್ ಮುಂದಕ್ಕೆ ಬಾಗಿರಲೇ ಇಲ್ಲ. ನಾನು ಬಿಗಿ ಮಾಡಿದ್ದರಿಂದ ಹಿಂದಕ್ಕೆ ಬಾಗಿ, ಕೆಳಗಿನ ಫ್ರೆಟ್ಟುಗಳು ತಂತಿಯನ್ನು ತಟ್ಟುತ್ತಿದ್ದವು. ಕರಕರ ಸದ್ದು ನನ್ನ ಕೊಡುಗೆ, ಎತ್ತರ ಬೇರೆ ಯಾವುದರದೋ ಕೊಡುಗೆ.

ಬಾಗು ತಪ್ಪಿತಸ್ಥನಲ್ಲ ಎಂದಾದರೆ ಉಳಿದದ್ದು ಕೋನ. ಬಾಡಿಯಲ್ಲಿ ನೆಕ್ ಕೂರುವ ಕುಳಿಯ ಬಾಯಿಗೆ ಒಂದು ವಿಸಿಟಿಂಗ್ ಕಾರ್ಡನ್ನು ತಂದು ತೂರಿಸಿ ನೋಡಿದೆ. ಅದು ಒಂದು ಬೆರಳಿನಷ್ಟು ಒಳಗೆ ಹೋಯಿತು. ಅಲ್ಲಿ ಸಂದಿ ಇರಲೇಬಾರದು. ಹಿಂದಿನ ನಾಲ್ಕು ಸ್ಕ್ರೂಗಳಿಗೆ ಸ್ಕ್ರೂಡ್ರೈವರ್ ಇಟ್ಟರೆ ನಟ್ಟಿನ (ನೆಕ್ಕಿನ ತಲೆಯ ಬಳಿ ತಂತಿಗಳು ಕೂರುವ ಗೀರುಗಳ ಪಟ್ಟಿ) ಕಡೆಯ ಎರಡೂ ಬೆರಳಿನ ಬಲಕ್ಕೇ ತಿರುಗಿದವು. ಸಂಕ್ರಾಂತಿಯಲ್ಲಿ ಬಿಗಿಯಾಗಿದ್ದ ಸ್ಕ್ರೂಗಳನ್ನು ಯಾರೂ ಬಿಚ್ಚಿರಲಿಲ್ಲ. ಮರವೇ ತೆಳುವಾಗಿತ್ತು. ಅಕ್ಟೋಬರಿನ ಹಸಿಯಲ್ಲಿ ಕೊಂಡ ಹಲಗೆ ಬೇಸಿಗೆಯಲ್ಲಿ ಒಣಗಿ ಸೊರಗಿದಾಗ, ಕುಳಿಯ ಅಡಿಯಲ್ಲಿದ್ದ ಮರದ ದಪ್ಪ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಕಡಿಮೆಯಾಗಿ, ಸ್ಕ್ರೂಗಳ ಹಿಡಿತ ತಪ್ಪಿ, ತಂತಿಗಳ ಎಳೆತಕ್ಕೆ ನೆಕ್ ಇಡಿಯಾಗಿ ಮುಂದಕ್ಕೆ ವಾಲಿತ್ತು. ಹಲಗೆ ತರುವ ದಿನ ನಮ್ಮ ಬೀದಿಯ ಆಚಾರ್ರು ಅದರ ಮೇಲೆ ಉಗುರು ಒತ್ತಿ ನೋಡಿ, "ಸಾರ್, ಇನ್ನೂ ಹಸಿ ಐತೆ, ಒಂದು ಬ್ಯಾಸಿಗೆ ಬಿಡಿ" ಎಂದಿದ್ದರು. ದಸರೆ ರಜೆ ಮುಗಿಯುವುದರೊಳಗೆ ಕತ್ತರಿಸಬೇಕೆಂಬ ಹಠ ನನ್ನದು.

ಪರಿಹಾರ ಹೀಗೆ: ಮೊದಲು ತಂತಿಗಳನ್ನು ಪೂರ್ತಿ ಸಡಿಲಿಸಬೇಕು, ತಂತಿ ಬಿಗಿಯಿದ್ದಾಗ ಸ್ಕ್ರೂ ತಿರುಗಿಸಿದರೆ ಎಳೆಯೇ ಕಿತ್ತುಹೋಗುತ್ತದೆ. ನೆಕ್ ಬಿಚ್ಚಿ ಕುಳಿಯನ್ನು ನೋಡಬೇಕು. ಸ್ಕ್ರೂ ತೂತಿನ ಅಂಚಿನಲ್ಲಿ ಮರದ ನಾರು ಉಬ್ಬಿದ್ದರೆ ಉಳಿಯಿಂದ ಸಮ ಮಾಡಬೇಕು. ಬಾಡಿಯ ತೂತಿನಲ್ಲಿ ಸ್ಕ್ರೂ ಸಲೀಸಾಗಿ ಜಾರಬೇಕು, ಎಳೆಗಳು ಕಚ್ಚಬೇಕಾದದ್ದು ನೆಕ್ಕಿನ ಮರವನ್ನು ಮಾತ್ರ. ಬಾಡಿಯಲ್ಲಿಯೂ ಕಚ್ಚಿದರೆ ಎಷ್ಟು ಬಿಗಿ ಮಾಡಿದರೂ ನಡುವೆ ಸಂದಿ ಉಳಿದೇ ತೀರುತ್ತದೆ. ನನ್ನ ಸ್ಕ್ರೂ 4.2 ಮಿ.ಮೀ.ನದು, ಬಾಡಿಯ ತೂತು 4 ಮಿ.ಮೀ. ಇತ್ತು, 4.5 ಮಿ.ಮೀ. ಡ್ರಿಲ್ ಬಿಟ್ ಹಾಕಿ ಅದನ್ನು ಹಿಗ್ಗಿಸಿದೆ. ಕುಳಿಯ ನೆಲ ಎಲ್ಲೆಲ್ಲಿ ತಾಗುತ್ತಿದೆ ಎಂದು ತಿಳಿಯಲು ಅಮ್ಮನ ಕಾಡಿಗೆ ಡಬ್ಬಿಯಿಂದ ಸ್ವಲ್ಪ ಕಾಡಿಗೆಯನ್ನು ನೆಕ್ಕಿನ ಹಿಮ್ಮಡಿಗೆ ತೆಳ್ಳಗೆ ಸವರಿ ಕೂರಿಸಿ ತೆಗೆದೆ. ಎರಡೇ ಕಡೆ ಕಪ್ಪು ಚುಕ್ಕೆ ಬಿತ್ತು. ಅವೆರಡನ್ನು ಹೆರೆದು, ಮತ್ತೆ ಸವರಿ, ಮತ್ತೆ ಹೆರೆದು, ಐದನೆಯ ಸಲಕ್ಕೆ ನೆಲದ ಬಹುಪಾಲು ಕಪ್ಪಾಯಿತು. ನಂತರ ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ, ಒಂದೊಂದನ್ನೂ ಅರ್ಧರ್ಧ ಸುತ್ತು ಬಿಗಿ ಮಾಡುತ್ತ ಬಂದು, ಟ್ರಸ್ ರಾಡನ್ನು ಮೊದಲಿದ್ದ ಜಾಗಕ್ಕೆ ಸಡಿಲಿಸಿದಾಗ ಎತ್ತರ 2.4ಕ್ಕೆ ಮರಳಿತು, ಕರಕರ ಸದ್ದು ನಿಂತಿತು. (ಸ್ಕ್ರೂ ಸುಲಭವಾಗಿ ಇಳಿಯಲೆಂದು ಸ್ನಾನದ ಸೋಪು ಉಜ್ಜುವ ರೂಢಿಯಿದೆ, ಸೋಪು ತೇವ ಹೀರಿ ಸ್ಕ್ರೂಗೆ ತುಕ್ಕು ಹಿಡಿಸುವುದರಿಂದ ಮೇಣದಬತ್ತಿಯ ತುಂಡೇ ಲೇಸು.)

ಮರದ ತೇವವನ್ನು ಮೊದಲೇ ತಿಳಿಯಲು ದುಬಾರಿ ಮೀಟರ್ ಬೇಕಿಲ್ಲ. ಮಂಡ್ಯದಲ್ಲಿ ನಾಲೆಯ ಬದಿಯ ಮನೆಯ ಗೆಳೆಯನೊಬ್ಬ ತಾನೂ ಒಂದು ಬೇಸ್ ಕಟ್ಟಲು ಹೊರಟಾಗ ಇಬ್ಬರೂ ಸೇರಿ ಹಲಗೆಯ ನಡುಭಾಗದಿಂದ ಒಂದು ತುಂಡು ಕತ್ತರಿಸಿದೆವು. ತುದಿ ಯಾವಾಗಲೂ ಬೇಗ ಒಣಗುವುದರಿಂದ ತುದಿಯ ತುಂಡು ಸುಳ್ಳು ಹೇಳುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಅದು 58 ಗ್ರಾಂ ತೂಗಿತು. ಓವನ್ನಿನಲ್ಲಿ ನೂರು ಡಿಗ್ರಿಯ ಆಸುಪಾಸಿನಲ್ಲಿ ಇಟ್ಟು, ತೂಕ ಇನ್ನು ಇಳಿಯುವುದಿಲ್ಲ ಎನ್ನುವವರೆಗೆ ಒಣಗಿಸಿದಾಗ 49 ಗ್ರಾಂ ಉಳಿಯಿತು. ಕಳೆದುಹೋದ 9 ಗ್ರಾಂ ನೀರನ್ನು ಒಣ ತೂಕವಾದ 49ರಿಂದ ಭಾಗಿಸಿದರೆ ತೇವಾಂಶ ಶೇಕಡಾ 18ಕ್ಕೂ ಮೇಲೆ. ನಮ್ಮ ಕಡೆಯ ಹವೆಯಲ್ಲಿ ಮನೆಯೊಳಗಿನ ಮರ ಸುಮಾರು ಶೇಕಡಾ 12ರ ಆಚೀಚೆ ನಿಲ್ಲುತ್ತದೆ ಎಂದು ಇಟ್ಟುಕೊಂಡರೆ, ಆ ಹಲಗೆ ಇನ್ನೂ ಸೊರಗಲಿದೆ ಎಂಬುದು ಸ್ಪಷ್ಟ. ಅವನು ಹಲಗೆಯನ್ನು ಅಟ್ಟದ ಮೇಲೆ ಅಡ್ಡಪಟ್ಟಿಗಳ ನಡುವೆ ಇಟ್ಟು, ಭಾನುವಾರಕ್ಕೊಮ್ಮೆ ತೂಗುತ್ತ, ತೂಕ ನಿಂತ ಮೇಲೆ ಕೆಲಸಕ್ಕೆ ಕೈಹಾಕಿದ. ಅವನ ನೆಕ್ ಇಂದಿಗೂ ಅಲ್ಲಾಡಿಲ್ಲ.

ಕರಕರ ಸದ್ದು ಎಲ್ಲ ಕಡೆ ಕೇಳದೆ ಒಂದೆಡೆ ಮಾತ್ರ ಕೇಳಿದರೆ ಜಾಗವೇ ಕಾರಣವನ್ನು ತೋರಿಸುತ್ತದೆ. ಒತ್ತದೆ ಬಿಟ್ಟ ತಂತಿ ಮಾತ್ರ ಕರಗುಟ್ಟಿದರೆ ನಟ್ಟಿನ ಗೀರು ತೀರ ಆಳವಾಗಿದೆ. ಮೇಲಿನ ಫ್ರೆಟ್ಟುಗಳಲ್ಲಿ ಮಾತ್ರ ಕೇಳಿದರೆ ಸ್ಯಾಡಲ್ (ಬ್ರಿಜ್ಜಿನ ಮೇಲೆ ತಂತಿ ಕೂರುವ ಸಣ್ಣ ತುಂಡು) ತೀರ ಇಳಿದಿದೆ ಅಥವಾ ಬಾಗು ಮಿತಿಮೀರಿದೆ. ಒಂದೇ ಫ್ರೆಟ್ಟಿನಲ್ಲಿ ಕೇಳಿದರೆ ಅದರ ಮುಂದಿನ ಫ್ರೆಟ್ ಎದ್ದಿದೆ; ಹಳೆಯ ಎ.ಟಿ.ಎಂ. ಕಾರ್ಡಿನ ನೇರ ಅಂಚನ್ನು ಮೂರು ಫ್ರೆಟ್ಟುಗಳ ಮೇಲಷ್ಟೇ ಕೂರುವ ಉದ್ದಕ್ಕೆ ಕತ್ತರಿಸಿ ಇಟ್ಟು ನೋಡಿದರೆ, ನಡುವಿನದು ಎದ್ದಿದ್ದರೆ ಕಾರ್ಡು ತೊಟ್ಟಿಲಂತೆ ತೂಗುತ್ತದೆ. ಎದ್ದ ಫ್ರೆಟ್ಟನ್ನು ಅರದಿಂದ ತಿಕ್ಕುವ ಮೊದಲು ಅದು ಸಡಿಲವಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಬೇಕು, ಸಡಿಲವಿದ್ದರೆ ಒತ್ತಿ ಅಂಟಿಸುವುದೇ ಸಾಕು. ಜಿ ತಂತಿಯ ಐದರಿಂದ ಏಳನೆಯ ಫ್ರೆಟ್ಟಿನ ಸುತ್ತ ಸ್ವರ ಬೇಗ ಸತ್ತರೆ ಅದು ದೋಷವೇ ಅಲ್ಲ. ನೆಕ್ಕಿನ ಸ್ವಂತ ಕಂಪನ ಆ ಸ್ವರವನ್ನು ನುಂಗುತ್ತದೆ. ಒಳ್ಳೆಯ ಕಾರ್ಖಾನೆಯ ವಾದ್ಯಗಳಲ್ಲೂ ಇದು ಇದ್ದದ್ದೇ.

ಶ್ರುತಿ ಕೂಡದಿರುವುದು

ಬಿಟ್ಟ ತಂತಿ ಶ್ರುತಿಯಲ್ಲಿದ್ದು, ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿದ ಸ್ವರ ಮೇಲಕ್ಕೆ ಹೋದರೆ ಸ್ಯಾಡಲನ್ನು ಹಿಂದಕ್ಕೆ, ಕೆಳಕ್ಕೆ ಇಳಿದರೆ ಮುಂದಕ್ಕೆ ಸರಿಸಬೇಕು. ಸ್ಯಾಡಲ್ ತನ್ನ ಹಾದಿಯ ಕೊನೆಗೆ ಬಂದು ನಿಂತರೂ ಶ್ರುತಿ ಕೂಡದಿದ್ದರೆ ಬ್ರಿಜ್ಜನ್ನೇ ತಪ್ಪು ಜಾಗದಲ್ಲಿ ಕೂರಿಸಲಾಗಿದೆ. ನಟ್ಟಿನಿಂದ ಸ್ಯಾಡಲಿಗೆ 34 ಇಂಚಿನ ಅಳತೆಯಿರುವ ಬೇಸಿನಲ್ಲಿ ನಟ್ಟಿನಿಂದ ಹನ್ನೆರಡನೆಯ ಫ್ರೆಟ್ಟಿಗೆ 432 ಮಿ.ಮೀ., ಅಲ್ಲಿಂದ ಜಿ ತಂತಿಯ ಸ್ಯಾಡಲಿಗೆ ಮತ್ತೆ ಹೆಚ್ಚುಕಡಿಮೆ ಅಷ್ಟೇ ಇರಬೇಕು. ದಪ್ಪ ತಂತಿಗಳ ಸ್ಯಾಡಲುಗಳು ಅದಕ್ಕಿಂತ ಕೆಲವು ಮಿ.ಮೀ. ಹಿಂದೆ ಬರುತ್ತವೆ. ಈ ಅಳತೆಯನ್ನು ನಟ್ಟಿನ ನಡುವಿನಿಂದಲ್ಲ, ಫ್ರೆಟ್ಟುಗಳ ಕಡೆಗಿರುವ ಅದರ ಅಂಚಿನಿಂದ ತೆಗೆಯಬೇಕು. ಬಡಗಿಯ ಟೇಪಿನ ತುದಿಯ ಕೊಕ್ಕೆ ಬಗ್ಗಿದ್ದರೆ ಒಂದೆರಡು ಮಿ.ಮೀ. ಅಲ್ಲೇ ಹೋಗುತ್ತದೆ, 100ರ ಗೆರೆಯಿಂದ ಅಳೆದು ಕೊನೆಗೆ 100 ಕಳೆಯುವುದು ಕ್ಷೇಮ, ಕಳೆಯಲು ಮರೆಯದಿದ್ದರೆ.

ಗುಂಯ್‌ಗುಡುವ ಸದ್ದು

ನಮ್ಮ ಮನೆಯ ವಿದ್ಯುತ್ತು 50 ಹರ್ಟ್ಸಿನದು. ಬೇಸಿನ ಇ ತಂತಿ 41 ಹರ್ಟ್ಸ್, ಎ ತಂತಿ 55 ಹರ್ಟ್ಸ್; ಅಂದರೆ ವಿದ್ಯುತ್ತಿನ ಗುಂಯ್ ಎಂಬ ಸದ್ದು ನೇರವಾಗಿ ಬೇಸಿನ ರಾಜ್ಯದೊಳಗೇ ಬಂದು ಕೂರುತ್ತದೆ, ಆದ್ದರಿಂದ ಮಾಮೂಲಿ ಗಿಟಾರಿನಲ್ಲಿ ಸಹಿಸಬಹುದಾದದ್ದು ಇಲ್ಲಿ ಕಿರಿಕಿರಿಯಾಗುತ್ತದೆ.

ಆಂಪ್ಲಿಫೈಯರಿಗೆ ಜೋಡಿಸಿ, ತಂತಿಯನ್ನು ಕೈಯಿಂದ ಮುಟ್ಟಿ ನೋಡುವುದು ಮೊದಲ ಪರೀಕ್ಷೆ. ಆದರೆ ಮುಟ್ಟಿದಾಗ ಜುಮ್ಮೆಂದರೆ ತಕ್ಷಣ ನಿಲ್ಲಿಸಬೇಕು, ಅದು ಗಿಟಾರಿನ ದೋಷವಲ್ಲ, ಮನೆಯ ಅಥವಾ ಆಂಪ್ಲಿಫೈಯರಿನ ಅರ್ತಿಂಗಿನ ದೋಷ. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೇಲಿನ ದೊಡ್ಡ ತೂತಿಗೆ ತಂತಿಯೇ ಬಂದಿರುವುದಿಲ್ಲ. ಎಲೆಕ್ಟ್ರಿಷಿಯನ್ ಬಂದು ಅದನ್ನು ನೋಡುವವರೆಗೆ ವಾದ್ಯವನ್ನು ಮುಟ್ಟಕೂಡದು. ಜುಮ್ಮೆನ್ನದೆ, ಮುಟ್ಟಿದಾಗ ಸದ್ದು ಕಡಿಮೆಯಾದರೆ ಅರ್ತ್ ಸರಿಯಿದೆ, ವೈರಿಂಗ್ ಇರುವ ಒಳಗಿನ ಕುಳಿಗೆ ತಾಮ್ರದ ಟೇಪು ಹಚ್ಚುವುದು ಬಾಕಿಯಿದೆ. ಮುಟ್ಟಿದರೂ ಏನೂ ಬದಲಾಗದಿದ್ದರೆ ಬ್ರಿಜ್ಜಿನ ಕೆಳಗಿನ ಅರ್ತ್ ತಂತಿ ಲೋಹಕ್ಕೆ ತಾಗುತ್ತಿಲ್ಲ. ಸಾಮಾನ್ಯವಾಗಿ ಅದರ ಮೇಲೆ ಲ್ಯಾಕರ್ ಕೂತಿರುತ್ತದೆ. ಮುಟ್ಟಿದಾಗ ಸದ್ದು ಹೆಚ್ಚಾದರೆ, ಕೇಬಲ್ ಚುಚ್ಚುವ ಜ್ಯಾಕಿನಲ್ಲಿ ಎರಡು ತಂತಿಗಳು ಅದಲುಬದಲಾಗಿವೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ರಿಜ್ಜಿಗೂ ಇನ್ನೊಂದನ್ನು ಕೇಬಲ್ ಪ್ಲಗ್ಗಿನ ಬುಡಕ್ಕೂ ಇಟ್ಟಾಗ ಒಂದೆರಡು ಓಮಿಗಿಂತ ಹೆಚ್ಚು ತೋರಿಸಬಾರದು.

ವಾಲ್ಯೂಮ್ ಪೂರ್ತಿ ತೆರೆದು ಪ್ಲಗ್ಗಿನ ತುದಿ ಮತ್ತು ಬುಡದ ನಡುವೆ ಅಳೆದರೆ ಪಿಕಪ್ಪಿನ ಕ್ಷೇಮಸಮಾಚಾರ ತಿಳಿಯುತ್ತದೆ. ಎರಡು ತುಂಡಿನ ಪಿ (ಪ್ರಿಸಿಶನ್ ಬೇಸ್) ಮಾದರಿಯ ಪಿಕಪ್ಪಾದರೆ ಸುಮಾರು 10 ಕಿಲೋಓಮ್ ಬರಬೇಕು. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ತಂತಿಗಳು ಕೂಡಿಕೊಂಡಿವೆ. 250 ಕಿಲೋಓಮ್ ಬಂದರೆ ಮೀಟರ್ ಕಾಣುತ್ತಿರುವುದು ಬರಿಯ ಪಾಟ್ (ವಾಲ್ಯೂಮ್ ಗುಬ್ಬಿಯ ಕೆಳಗಿನ ರೆಸಿಸ್ಟರ್) ಮಾತ್ರ, ಪಿಕಪ್ಪಿನ ಸುರುಳಿ ತುಂಡಾಗಿದೆ ಇಲ್ಲವೇ ಬೆಸುಗೆ ಬಿಟ್ಟಿದೆ. ಬೆಸುಗೆ ಮಂಕಾಗಿ ಉಂಡೆಯಂತಿದ್ದರೆ ಅದನ್ನೇ ಮೊದಲು ಶಂಕಿಸಬೇಕು.

ನನ್ನ ವಾದ್ಯ ಮೇಜಿನ ಮೇಲೆ ಬಿಚ್ಚಿಟ್ಟಾಗ ಚೆನ್ನಾಗಿ ನುಡಿದು, ಮುಚ್ಚಳ ಹಾಕಿದೊಡನೆ ಮೂಕವಾಗುತ್ತಿತ್ತು. ಎರಡು ಸಂಜೆ ಪಾಟುಗಳ ಬೆಸುಗೆ ಬಿಚ್ಚಿ ಹಾಕಿದ ಮೇಲೆ ಕಂಡದ್ದಿಷ್ಟು: ಪ್ಲಗ್ ಒಳಗೆ ಹೋದಾಗ ಜ್ಯಾಕಿನ ಹಿತ್ತಾಳೆ ನಾಲಗೆ ಒಂದಿಷ್ಟು ಹೊರಕ್ಕೆ ಚಾಚಿ, ನಾನೇ ಮುತುವರ್ಜಿಯಿಂದ ಹಚ್ಚಿದ್ದ ತಾಮ್ರದ ಟೇಪನ್ನು ಮುಟ್ಟುತ್ತಿತ್ತು. ಆ ಜಾಗಕ್ಕೆ ಎರಡಂಗುಲ ಕರಿಯ ಇನ್ಸುಲೇಶನ್ ಟೇಪು ಅಂಟಿಸಿದ್ದರಿಂದ ದೋಷ ನಿವಾರಣೆಯಾಯಿತು.

ತಾಮ್ರದ ಟೇಪು ಹಚ್ಚಿದರೂ ಗುಂಯ್ ಎನ್ನುವುದು ನಿಲ್ಲದಿದ್ದರೆ, ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ ನೋಡಬೇಕು. ದಿಕ್ಕು ಬದಲಾದಂತೆ ಸದ್ದು ಹೆಚ್ಚುಕಡಿಮೆಯಾದರೆ ಅದು ಯಾವುದೋ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ, ಅದನ್ನು ತೆಳು ತಾಮ್ರ ತಡೆಯಲಾರದು. ಅದಕ್ಕೆ ಮದ್ದು ದೂರ ಸರಿಯುವುದು, ಇಲ್ಲವೇ ಎರಡು ಸುರುಳಿಗಳು ಒಂದರ ಗುಂಯ್ ಸದ್ದನ್ನು ಇನ್ನೊಂದು ಕಳೆಯುವ ಪಿಕಪ್. ಫೆಂಡರ್ ಕಂಪನಿ 1951ರ ತನ್ನ ಪ್ರಿಸಿಶನ್ ಬೇಸಿಗೆ 1957ರಲ್ಲಿ ಅಂಥ ಎರಡು ತುಂಡಿನ ಪಿಕಪ್ಪನ್ನೇ ಕೂರಿಸಿತು. ಫ್ಯಾನನ್ನು ಅರ್ಧ ವೇಗಕ್ಕೆ ಇಳಿಸಿದಾಗ ಮಾತ್ರ ಕಿರುಗುಟ್ಟಿದರೆ ರೆಗ್ಯುಲೇಟರ್ ಕಾರಣ. ಕರೆಂಟು ಹೋಗಿ ಯು.ಪಿ.ಎಸ್. ಮೇಲೆ ನಡೆಯುವಾಗ ಮಾತ್ರ ಬಂದರೆ, ಕರೆಂಟು ಬರುವವರೆಗೆ ಕಾಯುವುದೇ ಅಗ್ಗದ ಪರಿಹಾರ.

ಪಾಲಿಶಿನ ದೋಷಗಳು

ಎನ್.ಸಿ. (ನೈಟ್ರೊಸೆಲ್ಯುಲೋಸ್) ಲ್ಯಾಕರ್ ಹೊಡೆದ ಹತ್ತೇ ನಿಮಿಷದಲ್ಲಿ ನನ್ನ ಹಲಸಿನ ಹೊಂಬಣ್ಣದ ಮೇಲೆ ಹಾಲಿನ ಕೆನೆಯಂಥ ಬಿಳಿ ಪೊರೆ ಕಟ್ಟಿತು. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ, ಮಳೆಗಾಲದ ಗಾಳಿಯ ತೇವ ಅದರ ಮೇಲೆ ಇಳಿದು ಪದರದೊಳಗೆ ಸಿಕ್ಕಿಕೊಳ್ಳುವುದೇ ಇದಕ್ಕೆ ಕಾರಣ. ಮೈಸೂರಿನಲ್ಲಿ ಅಕ್ಟೋಬರ್ ಈ ಕೆಲಸಕ್ಕೆ ತಕ್ಕ ತಿಂಗಳಲ್ಲ. ಗಾಬರಿಯಿಂದ ಅದರ ಮೇಲೆ ಇನ್ನೊಂದು ಪದರ ಹೊಡೆದರೆ ಬಿಳುಪು ಅಡಿಯಲ್ಲೇ ಉಳಿಯುತ್ತದೆ. ಒಣ ಬಿಸಿಲಿನ ದಿನ ಕಾದು, ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರನ್ನು ಮಂಜಿನಂತೆ ತೆಳ್ಳಗೆ ಸಿಂಪಡಿಸಿದರೆ ಪದರ ಮತ್ತೆ ಕರಗಿ ತೇವವನ್ನು ಬಿಟ್ಟುಕೊಡುತ್ತದೆ.

ಅರಗಿನ ಪಾಲಿಶ್ ಇದಕ್ಕಿಂತ ಮನೆಗೆಲಸಕ್ಕೆ ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ಮೈಸೂರಿಗೂ ಅರಗಿಗೂ ಹಳೆಯ ನಂಟು: ಇಂದು ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರಾದ ಇಲ್ಲಿನ ಕಾರ್ಖಾನೆ 1937ರಲ್ಲಿ ಆರಂಭವಾದದ್ದು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂಬ ಹೆಸರಿನಲ್ಲಿ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಒರೆಸುತ್ತ ಹೋದರೆ ಸಾಕು, ಸ್ಪ್ರೇ ಗನ್ನು ಕಂಪ್ರೆಸರು ಬೇಡ. ಹಚ್ಚಿ ಎರಡು ದಿನವಾದರೂ ಅಂಟಂಟಾಗಿದ್ದರೆ ದ್ರಾವಣ ಹಳತಾಗಿದೆ ಎಂದೇ ತಿಳಿಯಬೇಕು. ಕರಗಿಸಿ ತಿಂಗಳುಗಟ್ಟಲೆ ಇಟ್ಟ ಅರಗು ಗಟ್ಟಿಯಾಗುವ ಗುಣ ಕಳೆದುಕೊಳ್ಳುತ್ತದೆ. ಗಾಜಿನ ಮೇಲೆ ಒಂದು ಹನಿ ಹಚ್ಚಿ ಮರುದಿನ ಉಗುರಿನಿಂದ ಒತ್ತಿ ನೋಡಿದ ಮೇಲೆಯೇ ಮರಕ್ಕೆ ಹಚ್ಚುವುದು ಒಳ್ಳೆಯದು. ಬೀಟೆ ಮತ್ತು ತೇಗದ ಮೇಲೆ ಲ್ಯಾಕರ್ ಆರದಿದ್ದರೆ ಅಥವಾ ಸಿಪ್ಪೆಯೇಳುತ್ತಿದ್ದರೆ ಮರದ ಸಹಜ ಎಣ್ಣೆ ಕಾರಣ. ಥಿನ್ನರಿನಿಂದ ಒರೆಸಿ, ಮೊದಲು ತೆಳು ಅರಗಿನ ಪದರ ಕೊಟ್ಟರೆ ಮುಂದಿನದು ಹಿಡಿಯುತ್ತದೆ. ಮೀನಿನ ಕಣ್ಣಿನಂಥ ಸಣ್ಣ ಕುಳಿಗಳು ಎದ್ದರೆ ಎಣ್ಣೆಯೋ ಮೇಣವೋ ತಗುಲಿದೆ. ನನ್ನ ಬಾಡಿಯ ಮೇಲಿನ ಕುಳಿಗಳು ಐದು ಬೆರಳಿನ ಆಕಾರದಲ್ಲೇ ಇದ್ದವು, ಅಂದು ಬೆಳಗ್ಗೆ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ಗುರುತು. ಅಗಸೆ ಎಣ್ಣೆ ಬಳಸುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು, ಆದ್ದರಿಂದ ಬಿಡಿಸಿ ಹೊರಗೆ ಹರವಬೇಕು.

ಎಲ್ಲ ಮುಗಿದು ತಿಂಗಳಾದ ಮೇಲೆ ನೆಕ್ಕಿನ ಹಿಂಭಾಗದಲ್ಲಿ ಎರಡು ಮೆತ್ತನೆಯ ಕಲೆಗಳು ಕಂಡರೆ ಪಾಲಿಶನ್ನು ದೂರಬೇಕಿಲ್ಲ. ಎನ್.ಸಿ. ಲ್ಯಾಕರಿಗೆ ಕೆಲವು ಬಗೆಯ ರಬ್ಬರು ಆಗಿಬರುವುದಿಲ್ಲ, ಸ್ಟ್ಯಾಂಡಿನ ರಬ್ಬರು ತಾಗಿದ ಜಾಗ ಕರಗುತ್ತದೆ. ನನ್ನ ಸ್ಟ್ಯಾಂಡಿನ ಎರಡೂ ಕೈಗಳಿಗೆ ಈಗ ಹಳೆಯ ಕಾಲುಚೀಲ ತೊಡಿಸಿದ್ದೇನೆ.